ಕುದುರೆಗೆ ನೀರು, ಮನಸ್ಸಿಗೆ ಮಾತು: 1914ರಲ್ಲಿ ಮೈಸೂರು ಲ್ಯಾನ್ಸರ್ಸ್ ಹಡಗು ಹತ್ತಿದ ಕಥೆ

ಹೈಫಾ ಯುದ್ಧದ ಬಗ್ಗೆ ನೀವು ಕೇಳಿಯೇ ಇರುತ್ತೀರಿ. ಪ್ರತಿ ಸೆಪ್ಟೆಂಬರ್ 23 ಬಂತು ಅಂದ್ರೆ ಮೊಬೈಲಿಗೆ ಮೆಸೇಜುಗಳು ಬರ್ತಾವೆ. ಈಟಿ ಹಿಡಿದ ಮೈಸೂರಿನ ಸವಾರರು, ದೆಹಲಿಯ ತೀನ್ ಮೂರ್ತಿ, ಓಡಿಹೋದ ತುರ್ಕರು. ನಾನು ಇವತ್ತು ಹೇಳಬೇಕೆಂದಿರುವುದು ಆ ದಿನದ ಕಥೆಯಲ್ಲ. ಅದಕ್ಕೂ ನಾಲ್ಕು ವರ್ಷ ಹಿಂದೆ, ಈ ರಿಸಾಲೆ ಗಂಟುಮೂಟೆ ಕಟ್ಟಿದ ಕಥೆ.

ಮೊದಲು ಹಿನ್ನೆಲೆ. 1889ರಿಂದ ಬ್ರಿಟಿಷರು ಸಂಸ್ಥಾನಗಳಲ್ಲಿ ‘ಇಂಪೀರಿಯಲ್ ಸರ್ವೀಸ್’ ಪಡೆ ಅನ್ನೋ ಏರ್ಪಾಡು ತಂದರು. ಸಂಬಳ, ಕುದುರೆ, ಬಟ್ಟೆ ಎಲ್ಲ ಸಂಸ್ಥಾನದ್ದು. ಯುದ್ಧ ಬಂದಾಗ ಸೇವೆ ಸಾಮ್ರಾಜ್ಯಕ್ಕೆ. ಮೈಸೂರಿನಲ್ಲಿ ಹೈದರ್, ಟಿಪ್ಪು ಕಾಲದಿಂದಲೂ ಸಿಲ್ಲೇದಾರ್ ಸವಾರರ ಪರಂಪರೆ ಇತ್ತಲ್ಲ, ಅಂದರೆ ಸ್ವಂತ ಕುದುರೆ ತಂದು ಚಾಕರಿ ಮಾಡುವವರು, ಆ ಮನೆತನಗಳಿಂದಲೇ ಈ ಹೊಸ ರಿಸಾಲೆಗೂ ಜನ ಬಂದರು. ಮುಸ್ಲಿಮರು, ಮರಾಠರು, ಅರಸು ಮನೆತನದವರು. ಮೀರ್ ತುರಾಬ್ ಅಲಿ ಅವರಂಥ ಅಧಿಕಾರಿಗಳು ಅದರಲ್ಲಿದ್ದರು. ದಫೇದಾರ, ಜಮಾದಾರ, ರಿಸಾಲ್ದಾರ, ಜೀನು, ಲಗಾಮು, ನಾಲು: ಈ ಪದಗಳನ್ನು ಕನ್ನಡ ಪಾಠದಲ್ಲೂ ಉರ್ದು ಪಾಠದಲ್ಲೂ ನಾನು ಹಾಗೇ ಹೇಳ್ತೀನಿ, ಅನುವಾದ ಬೇಕಾಗೋದಿಲ್ಲ. ಲಾಯದ ಭಾಷೆ ಎರಡೂ ಮನೆಯದು.

1914ರ ಆಗಸ್ಟ್‌ನಲ್ಲಿ ಯುದ್ಧ ಶುರುವಾಯಿತು. ನಾಲ್ವಡಿ ಕೃಷ್ಣರಾಜ ಒಡೆಯರು 50 ಲಕ್ಷ ರೂಪಾಯಿ ಕೊಟ್ಟರು, ರಿಸಾಲೆಯನ್ನೂ ಕೊಟ್ಟರು. ಹೊರಟ ಲೆಕ್ಕ ನೋಡಿ: ಅಧಿಕಾರಿಗಳು 29, ಸವಾರರು 444, ಕುದುರೆಗಳು 526, ಹೇಸರಗತ್ತೆಗಳು 49, ಮತ್ತೆ ‘ಫಾಲೋಯರ್ಸ್’ 132 ಜನ. ಈ ಕೊನೆಯ ಸಂಖ್ಯೆಯನ್ನು ಪುಸ್ತಕಗಳು ಒಂದೇ ಪದದಲ್ಲಿ ದಾಟಿಬಿಡುತ್ತವೆ. ಆದರೆ ಯಾವ ಸವಾರ ಪಡೆಯಲ್ಲಾದರೂ ಹಿಂಬಾಲಕರು ಅಂದರೆ ಯಾರು? ಕುದುರೆ ಉಜ್ಜುವ ಸಾಯಿಸ, ನೀರು ಹೊರುವ ಭಿಸ್ತಿ, ಅಡುಗೆಯವ, ಚಪ್ಪಲಿ-ಜೀನು ಹೊಲಿಯುವ ಮೋಚಿ. ಸುಮಾರು ಮೂರೂವರೆ ಜನ ಸೈನಿಕರಿಗೆ ಒಬ್ಬ ಇಂಥವನು. ಸ್ಮಾರಕಕ್ಕೆ ಈಟಿ ಹಿಡಿದವನು ಬೇಕು, ಯುದ್ಧಕ್ಕೆ ಚರ್ಮದ ಚೀಲ ಹಿಡಿದವನೂ ಬೇಕು.

ಈಗ ನೀವೇ ಲೆಕ್ಕ ಹಾಕಿ. ಒಂದು ಕುದುರೆಗೆ ದಿನಕ್ಕೆ ಕಡಿಮೆ ಅಂದ್ರೂ 30 ಲೀಟರ್ ನೀರು ಹಿಡಿಯಿರಿ. 575 ಪ್ರಾಣಿಗಳಿಗೆ 17 ಸಾವಿರ ಲೀಟರಿಗೂ ಮೇಲೆ, ಅದೂ ಒಂದು ದಿನಕ್ಕೆ, ಅದೂ ಸಮುದ್ರದ ಮಧ್ಯೆ! ಹಡಗಿನಲ್ಲಿ ಕುದುರೆಗೆ ಮಲಗಲು ಜಾಗವಿಲ್ಲ. ಇಕ್ಕಟ್ಟಾದ ಕಟ್ಟೆಯಲ್ಲಿ ದಾರಿಯುದ್ದಕ್ಕೂ ನಿಂತೇ ಇರಬೇಕು. ಮನುಷ್ಯ ವಾಂತಿ ಮಾಡಿಕೊಂಡು ಹಗುರಾಗಬಹುದು, ಕುದುರೆಗೆ ವಾಂತಿಯೇ ಆಗುವುದಿಲ್ಲ. ಇನ್ನು ಅಡುಗೆ. ಭಾರತೀಯ ತುಕಡಿಗಳಲ್ಲಿ ಹಿಂದೂಗಳಿಗೆ ಬೇರೆ ಒಲೆ, ಮುಸ್ಲಿಮರಿಗೆ ಬೇರೆ ಒಲೆ. ಒಬ್ಬರಿಗೆ ಹಲಾಲ್, ಇನ್ನೊಬ್ಬರಿಗೆ ಝಟ್ಕಾ. ಅದಕ್ಕೇ ಆಡುಗಳನ್ನು ಜೀವಂತವಾಗೇ ಹಡಗಿಗೆ ಹತ್ತಿಸುತ್ತಿದ್ದರು. ಕಾಠಿಯಾವಾಡದ ಸಿಗ್ನಲ್ ತುಕಡಿ, ಹೈದರಾಬಾದಿನ ಲ್ಯಾನ್ಸರ್ಸ್ ಎಲ್ಲ ಸೇರಿ ಒಂದು ಬ್ರಿಗೇಡ್ ಆಯಿತು. ಮೈಸೂರಿನವರು ಬೊಂಬಾಯಿ ಬಿಟ್ಟದ್ದು 1914ರ ಅಕ್ಟೋಬರ್ 13ರಂದು.

ಈ ತಾರೀಖನ್ನು ನೆನಪಿಡಿ. ಇಡೀ ವಿಷಯ ನಿಂತಿರುವುದು ಇದರ ಮೇಲೆ.

ಅವತ್ತು ತುರ್ಕಿ ಯುದ್ಧದಲ್ಲೇ ಇರಲಿಲ್ಲ. ಶತ್ರು ಅಂದರೆ ಜರ್ಮನಿ. ತುರ್ಕಿ ಹಡಗುಗಳು ರಷ್ಯಾದ ಬಂದರುಗಳ ಮೇಲೆ ದಾಳಿ ಮಾಡಿದ್ದು ಅಕ್ಟೋಬರ್ 29ಕ್ಕೆ. ಬ್ರಿಟನ್ ತುರ್ಕಿಯ ಮೇಲೆ ಯುದ್ಧ ಸಾರಿದ್ದು ನವೆಂಬರ್ 5ಕ್ಕೆ. ಇಸ್ತಾಂಬುಲ್‌ನಲ್ಲಿ ಖಲೀಫಾನ ಹೆಸರಲ್ಲಿ ಜಿಹಾದ್ ಫತ್ವಾ ಓದಿದ್ದು ನವೆಂಬರ್ 14ಕ್ಕೆ. ಅಂದರೆ ಮನೆಯಿಂದ ಹೊರಡುವಾಗ ನಮ್ಮ ಸವಾರ ಅಮ್ಮಿಜಾನ್‌ಗೆ ಹೇಳಿ ಬಂದ ಯುದ್ಧ ಒಂದು, ಈಜಿಪ್ಟಿನ ಮರಳಿನಲ್ಲಿ ಎದುರಾದ ಯುದ್ಧ ಇನ್ನೊಂದು. ಜುಮ್ಮಾ ಖುತ್ಬಾದಲ್ಲಿ ಯಾರ ಹೆಸರಿಗೆ ದುವಾ ಕೇಳಿದ್ದನೋ, ಆತನ ಸೈನ್ಯವೇ 1915ರ ಫೆಬ್ರವರಿ ಹೊತ್ತಿಗೆ ಸೂಯೆಜ್ ಕಾಲುವೆ ದಾಟಲು ಬಂದಿತ್ತು.

ಬ್ರಿಟಿಷರಿಗೆ ಇದು ಗೊತ್ತಿರಲಿಲ್ಲ ಅಂತ ತಿಳ್ಕೋಬೇಡಿ. ನವೆಂಬರ್ 2ರಂದೇ ವೈಸ್‌ರಾಯ್ ಹಾರ್ಡಿಂಜ್ ಪ್ರಕಟಣೆ ಹೊರಡಿಸಿ, ಅರೇಬಿಯಾದ ಪವಿತ್ರ ಸ್ಥಳಗಳಿಗೂ ಜಿದ್ದಾಕ್ಕೂ ಸೇನೆಯಿಂದ ತೊಂದರೆಯಾಗದು ಅಂತ ಭರವಸೆ ಕೊಟ್ಟರು. ನನ್ನ ದೃಷ್ಟಿಯಲ್ಲಿ ಅದೂ ಲಾಳ, ಲಗಾಮಿನಷ್ಟೇ ಯುದ್ಧಸಾಮಗ್ರಿ.

ಅದು ಎಲ್ಲ ಕಡೆ ನಾಟಲಿಲ್ಲ. ಸಿಂಗಾಪುರದಲ್ಲಿದ್ದ 5ನೇ ಲೈಟ್ ಇನ್ಫೆಂಟ್ರಿ ಮುಸ್ಲಿಂ ಸೈನಿಕರ ಪಡೆ. ಹಾಂಗ್‌ಕಾಂಗ್‌ಗೆ ಹೋಗಲು ಗಂಟು ಕಟ್ಟಿ ಆಗಿತ್ತು. ಆದರೆ ‘ಹಾಂಗ್‌ಕಾಂಗ್ ಅಲ್ಲ, ತುರ್ಕರ ಮೇಲೆ ಕಳಿಸ್ತಾರೆ’ ಅಂತ ಸುದ್ದಿ ಹಬ್ಬಿತು. 1915ರ ಫೆಬ್ರವರಿ 15ರಂದು ದಂಗೆ ಎದ್ದಿತು. ಆಮೇಲೆ 47 ಜನರನ್ನು ಗುಂಡಿಟ್ಟು ಕೊಂದರು, ಕೆಲವರನ್ನು ಊರ ಜನ ನೋಡುತ್ತಿರುವಾಗಲೇ. ಹೊರಡುವ ಸೈನಿಕನಿಗೆ ಎಲ್ಲಿಗೆ, ಯಾರ ಮೇಲೆ ಅಂತ ನೆಟ್ಟಗೆ ಹೇಳದಿದ್ದರೆ ಏನಾಗುತ್ತೆ ಅನ್ನೋದಕ್ಕೆ ಇದಕ್ಕಿಂತ ಉದಾಹರಣೆ ಬೇಡ.

ಮೈಸೂರಿನ ಸವಾರರು ಕೊನೆತನಕ ನಿಂತರು. ಕೆಲವರು ಇದನ್ನು ನಿಷ್ಠೆ ಅಂತ ಹೊಗಳುತ್ತಾರೆ, ಕೆಲವರು ಗುಲಾಮಗಿರಿ ಅಂತ ಹಳಿಯುತ್ತಾರೆ. ನನಗೆ ಎರಡೂ ಅವಸರದ ಮಾತು ಅನ್ಸುತ್ತೆ. ತಿಂಗಳ ಸಂಬಳ, ಪಕ್ಕದ ಕುದುರೆಯ ಮೇಲಿರುವ ಊರಿನ ಗೆಳೆಯ, ತಿಂದ ಉಪ್ಪಿನ ಋಣ, ಇವು ಫತ್ವಾಕ್ಕಿಂತ ಹತ್ತಿರದ ಸಂಗತಿಗಳು. ಹೈಫಾದ ದಿನ ಮೈಸೂರು, ಜೋಧಪುರ ಪಡೆಗಳಲ್ಲಿ ಸತ್ತವರು 8, ಗಾಯಗೊಂಡವರು 34. ಸತ್ತ ಕುದುರೆಗಳು 60. ಜೋಧಪುರದ ಮೇಜರ್ ದಳಪತ್ ಸಿಂಗ್ ಸತ್ತದ್ದೂ ಅಲ್ಲೇ.

ರಿಸಾಲೆ ಊರಿಗೆ ಮರಳಿದ್ದು 1920ರಲ್ಲಿ. ಅಷ್ಟು ಹೊತ್ತಿಗೆ ಖಿಲಾಫತ್ ಚಳವಳಿ ಊರೂರಿಗೆ ಹಬ್ಬಿತ್ತು. ಅದೇ ವರ್ಷ ಆಗಸ್ಟ್‌ನಲ್ಲಿ ಗಾಂಧೀಜಿ ಮತ್ತು ಮೌಲಾನಾ ಶೌಕತ್ ಅಲಿ ಬೆಂಗಳೂರಿಗೆ ಬಂದು, ಖಲೀಫಾನಿಗೆ ಆದ ಅನ್ಯಾಯದ ಬಗ್ಗೆ ಸಭೆಯಲ್ಲಿ ಮಾತಾಡಿದರು. ಲ್ಯಾನ್ಸರ್ಸ್ ಸ್ಮಾರಕ ಇವತ್ತು ನಿಂತಿರುವ ಜೆ.ಸಿ. ನಗರ ಇರುವುದೂ ಅದೇ ಊರಲ್ಲಿ.