ಲಾರಿ ಕ್ಯಾಬಿನ್: ಚಾಲಕರ ಅಪೇಕ್ಷೆ ಏನು, ದೊರೆತಿದ್ದೇನು?

ಬೆಂಗಳೂರು: 2025ರ ಅಕ್ಟೋಬರ್ 1ರಂದು ಹಾಗೂ ಅನಂತರ ದೇಶದಲ್ಲಿ ತಯಾರಾಗುವ ಮಧ್ಯಮ ಮತ್ತು ಭಾರಿ ಸರಕು ವಾಹನಗಳ ಚಾಲಕರ ಕ್ಯಾಬಿನ್‌ಗೆ ಹವಾನಿಯಂತ್ರಣ ವ್ಯವಸ್ಥೆ ಕಡ್ಡಾಯ. ಲಾರಿ ಚಾಲಕರ ಬಹುಕಾಲದ ಬೇಡಿಕೆಯೊಂದು ಇದರಿಂದ ಕಾನೂನಿನ ರೂಪ ಪಡೆದಿದೆ. ಆದರೆ ಲಾರಿಯನ್ನು ಕೊಳ್ಳುವವರು ಮಾಲೀಕರು, ಅದರೊಳಗೆ ಹಗಲಿರುಳು ಕಳೆಯುವವರು ಚಾಲಕರು. ಸಿದ್ದಾಪುರದಿಂದ ಲಾಲ್‌ಬಾಗ್ ಬಳಸಿ ಹೋದರೆ ಸಿಗುವ ಕಲಾಸಿಪಾಳ್ಯದ ಸಾಗಣೆ ಕಚೇರಿಗಳಿರಲಿ, ಯಶವಂತಪುರದ ಟ್ರಕ್ ಟರ್ಮಿನಲ್ ಇರಲಿ, ಹೊಸ ಮಾದರಿಗಳ ಬಗೆಗಿನ ಭಿನ್ನಾಭಿಪ್ರಾಯಕ್ಕೆ ಮೂಲ ಈ ಅಂತರವೇ.

ನಿಯಮದ ವ್ಯಾಪ್ತಿ

ಕೇಂದ್ರ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯವು 2023ರ ಜುಲೈನಲ್ಲಿ ಕರಡು ನಿಯಮಕ್ಕೆ ಒಪ್ಪಿಗೆ ನೀಡಿ, ಅದೇ ವರ್ಷದ ಡಿಸೆಂಬರ್‌ನಲ್ಲಿ ಅಂತಿಮ ಅಧಿಸೂಚನೆ ಹೊರಡಿಸಿತು. 3.5 ಟನ್‌ಗಿಂತ ಹೆಚ್ಚು, 12 ಟನ್‌ವರೆಗಿನ ಒಟ್ಟು ತೂಕದ ಎನ್2 ಹಾಗೂ 12 ಟನ್ ಮೀರಿದ ಎನ್3 ವರ್ಗದ ವಾಹನಗಳು ಇದರ ವ್ಯಾಪ್ತಿಗೆ ಬರುತ್ತವೆ. ಟ್ರೇಲರ್ ಎಳೆಯುವ ಭಾರಿ ಟ್ರಾಕ್ಟರ್ ಲಾರಿಗಳೂ ಎನ್3 ವರ್ಗದವೇ. ಈಗಾಗಲೇ ರಸ್ತೆಯಲ್ಲಿರುವ ಹಳೆಯ ಲಾರಿಗಳಿಗೆ ಈ ನಿಯಮ ಅನ್ವಯಿಸುವುದಿಲ್ಲ.

ಮರದ ಕ್ಯಾಬಿನ್‌ನಿಂದ ಹೊಸಕೋಟೆಯವರೆಗೆ

ದಶಕಗಳ ಕಾಲ ಮಾಲೀಕರು ಕಾರ್ಖಾನೆಯಿಂದ ಬರಿಯ ಚಾಸಿ ತಂದು, ಮರ ಮತ್ತು ತಗಡಿನ ಕ್ಯಾಬಿನ್ನನ್ನು ಬಾಡಿ ಕಟ್ಟುವವರಿಂದ ಮಾಡಿಸುತ್ತಿದ್ದರು. ಆಸನ, ಮಲಗುವ ಹಲಗೆ, ಸಾಮಾನಿನ ಗೂಡುಗಳನ್ನು ಅನುಕೂಲಕ್ಕೆ ತಕ್ಕಂತೆ ಹೊಂದಿಸಿಕೊಳ್ಳಬಹುದಿತ್ತು. ಅಪಘಾತವಾದಾಗ ಅಂಥ ಕ್ಯಾಬಿನ್ ಚಾಲಕನಿಗೆ ನೀಡುತ್ತಿದ್ದ ರಕ್ಷಣೆ ಮಾತ್ರ ಅತ್ಯಲ್ಪ. ಎಂಜಿನ್ನಿನ ಕಾವು ನೇರವಾಗಿ ಕಾಲಿಗೇ ತಾಗುತ್ತಿತ್ತು.

1998ರಲ್ಲಿ ವೋಲ್ವೊ ಕಂಪನಿ ಬೆಂಗಳೂರು ಸಮೀಪದ ಹೊಸಕೋಟೆಯಲ್ಲಿ ಟ್ರಕ್ ತಯಾರಿಕೆ ಆರಂಭಿಸಿದಾಗ, ಕಾರ್ಖಾನೆಯಲ್ಲೇ ಸಿದ್ಧವಾದ ಆಧುನಿಕ ಕ್ಯಾಬಿನ್ ರಾಜ್ಯದ ಚಾಲಕರಿಗೆ ಹತ್ತಿರದಿಂದ ಕಾಣಸಿಕ್ಕಿತು. 2009ರಲ್ಲಿ ಟಾಟಾ ಪ್ರೈಮಾ, 2012ರಲ್ಲಿ ಭಾರತ್‌ಬೆಂಝ್ ಟ್ರಕ್‌ಗಳು ಮಾರುಕಟ್ಟೆಗೆ ಬಂದವು. ಕ್ಯಾಬಿನ್ನಿನ ಸೌಕರ್ಯವೂ ಪೈಪೋಟಿಯ ವಿಷಯವಾಯಿತು.

ಚಾಲಕರು ಬಯಸುವುದೇನು?

ಚಾಲಕರ ಮಾತಿನಲ್ಲಿ ಪದೇ ಪದೇ ಬರುವ ವಿಷಯಗಳು ಹೀಗಿವೆ:

* ಆಸನ: ದಿನವಿಡೀ ಕುಳಿತು ಬೆನ್ನು, ಸೊಂಟ ನೋಯುವವರಿಗೆ ಕುಲುಕಾಟ ಹೀರಿಕೊಳ್ಳುವ, ಎತ್ತರ ಹೊಂದಿಸಬಹುದಾದ ಆಸನ ಮೊದಲ ಅಗತ್ಯ.

* ಮಲಗುವ ಜಾಗ: ದೂರದ ಸಾಗಣೆಯಲ್ಲಿ ಕ್ಯಾಬಿನ್ನೇ ಮನೆ. ಕಾಲು ಚಾಚಲಾಗದ ಹಲಗೆ ನಿದ್ದೆಗೆ ಒದಗುವುದಿಲ್ಲ.

* ನೋಟ: ಎತ್ತರದ ಕ್ಯಾಬಿನ್‌ನಿಂದ ದೂರದ ರಸ್ತೆ ಚೆನ್ನಾಗಿ ಕಾಣುತ್ತದೆ. ಆದರೆ ಎಡಗಡೆ ಮುಂಚಕ್ರದ ಪಕ್ಕಕ್ಕೆ ಬಂದ ಬೈಕು ಕಾಣದೇ ಹೋಗಬಹುದು. ಹೆಚ್ಚುವರಿ ಕನ್ನಡಿಗಳು ಇದಕ್ಕೆ ಪರಿಹಾರ.

* ಘಾಟಿಯ ಇಳಿಜಾರು: ಮಂಗಳೂರು ಬಂದರಿನತ್ತ ಶಿರಾಡಿ ಘಾಟಿ ಇಳಿಯುವ ಲಾರಿಗೆ ಕಾಲಿನ ಬ್ರೇಕ್ ಒಂದೇ ಸಾಲದು, ಅದು ಕಾದು ಸೋಲುತ್ತದೆ. ಎಂಜಿನ್ ಬ್ರೇಕಿನ ಬಲ ಚಾಲಕನ ಪ್ರಾಣದ ಪ್ರಶ್ನೆ.

* ದುರಸ್ತಿ: 2020ರ ಏಪ್ರಿಲ್‌ನಲ್ಲಿ ಬಿಎಸ್-6 ಮಾನದಂಡ ಜಾರಿಯಾದ ಬಳಿಕ ಸೆನ್ಸರ್‌ಗಳು ಹೆಚ್ಚಿವೆ. ಹಿಂದೆ ಚಾಲಕ ತಾನೇ ಸರಿಪಡಿಸಿಕೊಳ್ಳುತ್ತಿದ್ದ ಕೆಲವು ತೊಂದರೆಗಳಿಗೂ ಈಗ ಕಂಪನಿಯ ಮೆಕ್ಯಾನಿಕ್‌ಗೆ ಕಾಯಬೇಕು.

ವಿದೇಶದಲ್ಲೂ ಇಂಥ ಚರ್ಚೆ ನಡೆದಿದೆ. 2022ರ ಡಿಸೆಂಬರ್‌ನಲ್ಲಿ ಗ್ರಾಹಕರ ಕೈಸೇರತೊಡಗಿದ ಟೆಸ್ಲಾ ಸೆಮಿ ವಿದ್ಯುತ್ ಟ್ರಕ್‌ನಲ್ಲಿ ಚಾಲಕನ ಆಸನ ಕ್ಯಾಬಿನ್ನಿನ ನಟ್ಟನಡುವೆ ಇದೆ. ನೋಡಲು ಸೊಗಸಾದರೂ ಗೇಟಿನಲ್ಲಿ ಕಾಗದಪತ್ರ ಕೊಡಲು, ಕಿಟಕಿಯಿಂದ ತಲೆ ಹೊರಹಾಕಿ ಹಿಂದೆ ನೋಡಲು ತೊಡಕು ಎಂಬ ಆಕ್ಷೇಪ ಅಲ್ಲಿನ ಚಾಲಕರಿಂದ ಬಂತು.

ಗುಂಡಿ ಯಾರ ಕೈಯಲ್ಲಿ?

ಹವಾನಿಯಂತ್ರಣದ ಕಂಪ್ರೆಸರ್ ಸಾಮಾನ್ಯವಾಗಿ ಎಂಜಿನ್ನಿನ ಬಲದಿಂದಲೇ ತಿರುಗುತ್ತದೆ, ಅದಕ್ಕೆ ಡೀಸೆಲ್ ಬೇಕು. ಟ್ರಿಪ್‌ಗೆ ಇಷ್ಟೇ ಡೀಸೆಲ್ ಎಂದು ಲೆಕ್ಕ ಕಟ್ಟಿ ಕೊಡುವ ಪದ್ಧತಿ ಹಲವೆಡೆ ಇದ್ದು, ಹೆಚ್ಚು ಖರ್ಚಾದರೆ ಹೊರೆ ಚಾಲಕನ ತಲೆಗೆ ಬರುತ್ತದೆ. ಹೀಗಿರುವಾಗ ಗುಂಡಿ ಒತ್ತುವ ಸ್ವಾತಂತ್ರ್ಯ ಹೆಸರಿಗಷ್ಟೇ ಉಳಿಯಬಹುದು. ಮಾಲೀಕರ ಕಷ್ಟವೂ ಸುಳ್ಳಲ್ಲ: ಬಾಡಿಗೆ ದರ ಏರದೆ ಡೀಸೆಲ್ ಖರ್ಚು ಏರಿದರೆ ಒಂದೆರಡು ಲಾರಿ ಇಟ್ಟುಕೊಂಡವರಿಗೆ ಕಂತು ಕಟ್ಟುವುದೇ ಕಷ್ಟ.

ಇನ್ನೊಂದು ತೊಡಕಿದೆ. ಸರಕು ಇಳಿಸಲು ಸರದಿ ಕಾಯುತ್ತಾ ಬಿಸಿಲಲ್ಲಿ ನಿಂತ ಲಾರಿಯಲ್ಲೇ ಚಾಲಕ ಮಲಗಬೇಕಾಗುತ್ತದೆ. ಎಂಜಿನ್ ನಿಲ್ಲಿಸಿದರೆ ತಂಪೂ ನಿಲ್ಲುತ್ತದೆ. ನಿಂತಾಗಲೂ ತಂಪು ಬೇಕಾದರೆ ಬ್ಯಾಟರಿಯಿಂದ ನಡೆಯುವ ಪ್ರತ್ಯೇಕ ಸಾಧನ ಅಗತ್ಯ.

ವಿನ್ಯಾಸದಾಚೆ

ಸೇವ್‌ಲೈಫ್ ಫೌಂಡೇಶನ್ 2020ರಲ್ಲಿ ಪ್ರಕಟಿಸಿದ ಅಧ್ಯಯನಕ್ಕಾಗಿ ಬೆಂಗಳೂರು ಸೇರಿ ಹತ್ತು ನಗರಗಳ ಚಾಲಕರನ್ನು ಮಾತನಾಡಿಸಲಾಗಿತ್ತು. ಅದರ ಪ್ರಕಾರ ಚಾಲಕರು ದಿನಕ್ಕೆ ಸರಾಸರಿ ಸುಮಾರು 12 ಗಂಟೆ ವಾಹನ ಓಡಿಸುತ್ತಾರೆ. ದಣಿದಾಗ, ನಿದ್ದೆ ಎಳೆಯುವಾಗಲೂ ಓಡಿಸುತ್ತೇವೆ ಎಂದವರು ಸುಮಾರು ಅರ್ಧದಷ್ಟು. ಮನೆಯವರಿಗೆ, ಬಂಧುಗಳಿಗೆ ಈ ವೃತ್ತಿ ಬೇಡ ಎಂದವರು ಶೇ 84.

1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆ ವಿಧಿಸಿದ್ದ ಸಾಮಾನ್ಯ ಮಿತಿ ದಿನಕ್ಕೆ 8 ಗಂಟೆ. ಐದು ಗಂಟೆ ದುಡಿದ ಮೇಲೆ ಕನಿಷ್ಠ ಅರ್ಧ ಗಂಟೆ ವಿಶ್ರಾಂತಿ. ಕಾಗದದ ಮೇಲಿನ ಈ 8 ಗಂಟೆಗೂ ರಸ್ತೆಯ 12 ಗಂಟೆಗೂ ನಡುವಿನ ಅಂತರವನ್ನು ತಂಪಾದ ಕ್ಯಾಬಿನ್ ಒಂದೇ ತುಂಬಲಾರದು. ಕ್ಯಾಬಿನ್ ದಣಿವನ್ನು ತಗ್ಗಿಸೀತು; ನಿದ್ದೆಯನ್ನು ಕೊಡಬೇಕಾದುದು ಕೆಲಸದ ವೇಳಾಪಟ್ಟಿ.