ಟೇಲರ್, ಫಿಲಿಪ್ ಮೆಡೋಸ್ (1808–1876)

ಹೈದರಾಬಾದ್ ನಿಜಾಮನ ಸೇನೆಯ ಅಧಿಕಾರಿ, ಸುರಪುರ ಸಂಸ್ಥಾನದ ಆಡಳಿತ ನಡೆಸಿದವ, ಇಂಗ್ಲಿಷ್ ಕಾದಂಬರಿಕಾರ. ಇಂದಿನ ಯಾದಗಿರಿ ಜಿಲ್ಲೆಯ ಇತಿಹಾಸಪೂರ್ವ ಕಾಲದ ಕಲ್ಲುನೆಲೆಗಳನ್ನು ವಿದ್ವಾಂಸರ ಗಮನಕ್ಕೆ ತಂದವನೂ ಈತನೇ.

ಹುಟ್ಟಿದ್ದು 1808ರ ಸೆಪ್ಟೆಂಬರ್ 25ರಂದು ಲಿವರ್‌ಪೂಲಿನಲ್ಲಿ. ಹದಿನೈದರ ವಯಸ್ಸಿಗೇ ಮುಂಬಯಿಯ ವರ್ತಕನೊಬ್ಬನ ಬಳಿ ಕೆಲಸಕ್ಕೆಂದು ಹಡಗು ಹತ್ತಿದ. ಬಂದು ನೋಡಿದರೆ ಆ ವರ್ತಕನ ವ್ಯವಹಾರವೇ ಮುಳುಗುವ ಸ್ಥಿತಿಯಲ್ಲಿತ್ತು. ಬಂಧುವೊಬ್ಬರ ಶಿಫಾರಸಿನಿಂದ 1824ರಲ್ಲಿ ನಿಜಾಮನ ಸೇನೆಯಲ್ಲಿ ಹುದ್ದೆ ಸಿಕ್ಕಿತು. ಇದು ಈಸ್ಟ್ ಇಂಡಿಯಾ ಕಂಪನಿಯ ನೌಕರಿಯಲ್ಲ. ಕಂಪನಿಯ ಅಧಿಕಾರಿಗಳಿಗಿದ್ದ ಬಡ್ತಿ, ಮಾನಮರ್ಯಾದೆಗಳು ಇಂಥವರಿಗೆ ಸುಲಭಕ್ಕೆ ದಕ್ಕುತ್ತಿರಲಿಲ್ಲ. ಟೇಲರ್ ಮೇಲೆ ಬಂದದ್ದು ದೇಶಭಾಷೆಗಳನ್ನು ಕಲಿತದ್ದರಿಂದ. ಇನ್ನೂ ಮೀಸೆ ಚಿಗುರುವ ವಯಸ್ಸಿನಲ್ಲಿ ನಿಜಾಮನ ರಾಜ್ಯದ ನೈಋತ್ಯ ಭಾಗದ ಪೊಲೀಸ್ ವ್ಯವಸ್ಥೆ ಅವನ ಕೈಗೆ ಬಂತು. ದಾರಿಹೋಕರ ಸಾಲುಸಾಲು ಕೊಲೆಗಳ ಜಾಡು ಹಿಡಿಯುವಷ್ಟರಲ್ಲಿ ಅವನನ್ನು ಮತ್ತೆ ದಂಡಿಗೆ ಕರೆಸಿಕೊಂಡರು. ಆ ಕೊಲೆಗಡುಕರಾದ ಥಗ್ಗರ ಗುಟ್ಟು ಬಯಲು ಮಾಡಿದ ಕೀರ್ತಿ ಕಂಪನಿಯ ಅಧಿಕಾರಿ ಸ್ಲೀಮನ್‌ಗೆ ಹೋಯಿತೆಂಬ ಕೊರಗು ಟೇಲರ್‌ಗೆ ಕೊನೆತನಕ ಇತ್ತು. 1839ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ‘ಕನ್ಫೆಷನ್ಸ್ ಆಫ್ ಎ ಥಗ್’ ಕಾದಂಬರಿ ಅವನಿಗೆ ಹೆಸರು ತಂದಿತು. ಮರುವರ್ಷ ‘ಟಿಪ್ಪೂ ಸುಲ್ತಾನ್’ ಬಂತು.

ಸುರಪುರಕ್ಕೆ ಅವನನ್ನು ಕಳಿಸಿದ್ದು 1841ರಲ್ಲಿ. ದೊರೆ ಕೃಷ್ಣಪ್ಪನಾಯಕ ತೀರಿಕೊಂಡಿದ್ದ. ಮಗ ವೆಂಕಟಪ್ಪನಾಯಕ ಇನ್ನೂ ಬಾಲಕ. ಸಂಸ್ಥಾನದ ಉಸ್ತುವಾರಿ ದೊರೆಯ ತಮ್ಮ ಪಿಡ್ಡನಾಯಕನದೆಂದು ನಿಜಾಮನೂ ಬ್ರಿಟಿಷ್ ರೆಸಿಡೆಂಟನೂ ಹೇಳುತ್ತಿದ್ದರೆ, ರಾಣಿ ಈಶ್ವರಮ್ಮ ಅಧಿಕಾರ ಬಿಟ್ಟುಕೊಡಲು ತಯಾರಿರಲಿಲ್ಲ. ಬೇಡರ ಪಡೆ ಬೆನ್ನಿಗಿದ್ದ ರಾಣಿಯನ್ನು ಟೇಲರ್ ಯುದ್ಧವಿಲ್ಲದೆ ಒಪ್ಪಿಸಿದ. ಪಿಡ್ಡನಾಯಕ ಬಹಳ ದಿನ ಬಾಳಲಿಲ್ಲ. ಅವನ ನಂತರ ಬಾಲದೊರೆಯ ಪರವಾಗಿ ಇಡೀ ಆಡಳಿತ ಟೇಲರ್‌ನ ಪಾಲಿಗೆ ಬಂದು 1853ರವರೆಗೂ ಅವನಲ್ಲೇ ಉಳಿಯಿತು.

ಶಾಸನಸಭೆ ಎಂಬ ಮಾತೇ ಇಲ್ಲದ ಕಾಲ ಅದು. ಕಂದಾಯ, ನ್ಯಾಯ, ಕಟ್ಟಳೆ ಎಲ್ಲವೂ ಒಬ್ಬ ಕ್ಯಾಪ್ಟನ್‌ನ ಬಾಯಿಮಾತಿನ ಮೇಲೆ ನಡೆದವು. ನಿಜಾಮನ ಸರ್ಕಾರಕ್ಕೆ ಸಲ್ಲಬೇಕಾದ ಬಾಕಿಯಿಂದ ಸಂಸ್ಥಾನ ಸೋತಿತ್ತು. ಟೇಲರ್ ಲೆಕ್ಕಪತ್ರ ಸರಿಪಡಿಸಿದ, ರಸ್ತೆ ಹಾಕಿಸಿದ, ಬೋನಾಳ ಕೆರೆಯನ್ನು ದೊಡ್ಡದು ಮಾಡಿಸಿದ. ಇಂದು ಆ ಕೆರೆ ಪಕ್ಷಿಧಾಮ. ಸುರಪುರದ ಗುಡ್ಡದ ಮೇಲೆ ಅವನು ಕಟ್ಟಿಸಿಕೊಂಡ ಬಂಗಲೆಗೆ ಟೇಲರ್ ಮಂಜಿಲ್ ಎಂದೇ ಹೆಸರು. ಜನ ತನ್ನನ್ನು ‘ಮಹಾದೇವ ಬಾಬಾ’ ಎನ್ನುತ್ತಿದ್ದರು, ಬಾಲದೊರೆ ‘ಅಪ್ಪಾ’ ಎಂದು ಕರೆಯುತ್ತಿದ್ದ ಎಂದು ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾನೆ. ಹೊಗಳಿಕೆಯೆಲ್ಲ ಅವನ ಬಾಯಿಂದಲೇ ಬಂದದ್ದು ನಿಜ. ಆದರೆ ಕೆರೆ, ಬಂಗಲೆಗಳು ಎದುರಿಗೇ ಇರುವಾಗ ಕೆಲಸವನ್ನು ಮಾತ್ರ ಅಲ್ಲಗಳೆಯಲಾಗದು.

ಬಿಡುವಿನಲ್ಲಿ ಅವನು ಹಿಡಿದ ಹವ್ಯಾಸ ಆಡಳಿತಕ್ಕಿಂತ ಹೆಚ್ಚು ಕಾಲ ಬಾಳಿತು. ಈಗ ಹುಣಸಗಿ ತಾಲ್ಲೂಕಿಗೆ ಸೇರಿದ ರಾಜನಕೋಳೂರಿನಲ್ಲಿ ದೊಡ್ಡ ಕಲ್ಲುಚಪ್ಪಡಿಗಳನ್ನು ಗೋಡೆಯಂತೆ ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿದ ಕೋಣೆಗಳಿವೆ. ಕೆಲವುಗಳ ಒಂದು ಗೋಡೆಯಲ್ಲಿ ದುಂಡನೆಯ ಕಂಡಿ. ಇವು ಮೋರಿಯರ ಮನೆಗಳು, ಮೋರಿಯರು ಗೇಣಳತೆಯ ಕುಳ್ಳರು ಎಂದು ಊರವರು ಹೇಳಿದ್ದನ್ನು ಟೇಲರ್ ಬರೆದಿಟ್ಟ. ಜೇವರ್ಗಿಯ ಬಳಿ ಕಲ್ಲುಗುಪ್ಪೆಗಳನ್ನು ಅಗೆಸಿ, ಒಳಗಿನ ಅಸ್ಥಿಪಂಜರ, ಮಡಕೆಗಳನ್ನು ಪದರಪದರವಾಗಿ ಚಿತ್ರಿಸಿದ. ಅಗೆದದ್ದನ್ನು ಹೀಗೆ ಚಿತ್ರದಲ್ಲಿ ದಾಖಲಿಸುವ ರೂಢಿ ಭಾರತದಲ್ಲಿ ಆಗಿನ್ನೂ ಬಂದಿರಲಿಲ್ಲ. ಶಹಾಪುರದ ಹತ್ತಿರದ ವಿಭೂತಿಹಳ್ಳಿಯಲ್ಲಿ ಬಯಲಿನ ತುಂಬ ಸಾಲು ಹಿಡಿದು ಇಟ್ಟಿರುವ ಗುಂಡುಗಲ್ಲುಗಳೂ ಅವನ ಕಣ್ಣಿಗೆ ಬಿದ್ದವು. ಇವೆಲ್ಲ ಯುರೋಪಿನ ಕೆಲ್ಟರ ಬಳಗದವರು ಬಂದು ಮಾಡಿದ್ದು ಎಂಬ ಅವನ ತೀರ್ಮಾನವನ್ನು ಈಗ ಯಾರೂ ಒಪ್ಪುವುದಿಲ್ಲ. ಬರಹಗಳನ್ನು, ಚಿತ್ರಗಳನ್ನು ಮಾತ್ರ ಸಂಶೋಧಕರು ಇಂದಿಗೂ ತೆಗೆದು ನೋಡುತ್ತಾರೆ.

1853ರಲ್ಲಿ ಪ್ರಾಯಕ್ಕೆ ಬಂದ ವೆಂಕಟಪ್ಪನಾಯಕನಿಗೆ ರಾಜ್ಯ ಒಪ್ಪಿಸಿ, ನಿಜಾಮನು ಬ್ರಿಟಿಷರಿಗೆ ಬಿಟ್ಟುಕೊಟ್ಟಿದ್ದ ನಳದುರ್ಗ ಜಿಲ್ಲೆಗೆ ಹೋದ. 1857ರ ದಂಗೆಯ ಹೊತ್ತಿಗೆ ಬೀರಾರಿಗೆ ವರ್ಗವಾಯಿತು. ಇತ್ತ ಸುರಪುರದ ದೊರೆ ಬ್ರಿಟಿಷರ ವಿರುದ್ಧ ಪಡೆ ಕೂಡಿಸತೊಡಗಿದ್ದ. 1858ರ ಫೆಬ್ರವರಿಯ ಕಾಳಗದಲ್ಲಿ ಬ್ರಿಟಿಷರ ಕಡೆಯ ಕ್ಯಾಪ್ಟನ್ ನ್ಯೂಬೆರಿ ಸತ್ತ. ಬ್ರಿಟಿಷರಿಗೆ ಹೆಚ್ಚಿನ ದಂಡು ಬಂದು ಸೇರಿದಾಗ ದೊರೆ ಹೈದರಾಬಾದಿಗೆ ಹೋಗಿ ಅಲ್ಲಿ ಸೆರೆ ಸಿಕ್ಕಿದ.

ಸೆರೆಮನೆಯಲ್ಲಿ ದೊರೆಯೂ ಟೇಲರನೂ ಮುಖಾಮುಖಿಯಾದದ್ದು ಟೇಲರ್‌ನ ಬರಹದಲ್ಲೇ ಅತ್ಯಂತ ಮನಕಲಕುವ ಭಾಗ. ತರುಣ ದೊರೆ ಅಪ್ಪಿಕೊಂಡು ಅತ್ತ. ಜೊತೆಗಿದ್ದವರ ಹೆಸರು ಹೇಳಿದರೆ ಶಿಕ್ಷೆ ತಗ್ಗೀತು ಎಂಬ ಆಸೆ ತೋರಿಸಿದರೂ ಬಾಯಿ ಬಿಡಲಿಲ್ಲ. ಕಳ್ಳನ ಹಾಗೆ ನೇಣಿಗೆ ಹಾಕುವ ಬದಲು ತೋಪಿನ ಬಾಯಿಗೆ ಕಟ್ಟಿ ಎಂದಷ್ಟೇ ಕೇಳಿಕೊಂಡ. ಮರಣದಂಡನೆ ಕೊನೆಗೆ ಚೆಂಗಲ್ಪಟ್ಟಿನಲ್ಲಿ ನಾಲ್ಕು ವರ್ಷಗಳ ಸೆರೆಗೆ ಇಳಿಯಿತು. ಅಲ್ಲಿಗೆ ಕರೆದೊಯ್ಯುವಾಗ, ಹೈದರಾಬಾದ್ ದಾಟುತ್ತಲೇ, ಕಾವಲು ಅಧಿಕಾರಿಯ ಪಿಸ್ತೂಲಿನ ಗುಂಡಿಗೆ ದೊರೆ ಬಲಿಯಾದ. ತಾನೇ ಗುಂಡು ಹಾರಿಸಿಕೊಂಡ ಎಂದು ಬ್ರಿಟಿಷರ ದಾಖಲೆ ಹೇಳುತ್ತದೆ. ಆ ಮಾತಿಗೆ ಸಾಕ್ಷಿ ಕಾವಲಿನವರೇ. ಇಪ್ಪತ್ತನಾಲ್ಕು ತುಂಬುವುದರೊಳಗೆ ಸಾವು ಎಂದು ದೊರೆಯ ಜಾತಕದಲ್ಲಿತ್ತು ಎಂಬ ಕಥೆಯನ್ನು ಟೇಲರ್ ನಂಬಿದವನಂತೆ ಬರೆಯುತ್ತಾನೆ, ಓದುಗರು ನಂಬಲೇಬೇಕೆಂದಿಲ್ಲ.

ಟೇಲರ್‌ನನ್ನು ಮತ್ತೆ ಸುರಪುರಕ್ಕೇ ಕಳಿಸಿದರು. ಆರೋಗ್ಯ ಕೆಟ್ಟು 1860ರಲ್ಲಿ ಇಂಗ್ಲೆಂಡಿಗೆ ಮರಳಿದ. ದಂಗೆಯಲ್ಲಿ ತಮ್ಮ ಕಡೆ ನಿಂತದ್ದಕ್ಕೆ ಬ್ರಿಟಿಷರು ಅದೇ ವರ್ಷ ಸಂಸ್ಥಾನವನ್ನು ನಿಜಾಮನಿಗೆ ಇನಾಮು ಕೊಟ್ಟರು. ‘ತಾರಾ’ (1863), ‘ರಾಲ್ಫ್ ಡಾರ್ನೆಲ್’ (1865), ‘ಸೀತಾ’ (1872) ಕಾದಂಬರಿಗಳು, ಭಾರತದ ಇತಿಹಾಸದ ಒಂದು ಕೈಪಿಡಿ (1870) ಆಮೇಲೆ ಬಂದವು. ಕರ್ನಲ್ ಟೇಲರ್ 1876ರ ಮೇ 13ರಂದು ಫ್ರಾನ್ಸಿನ ಮೆಂಟನ್‌ನಲ್ಲಿ ತೀರಿಕೊಂಡ. ಆತ್ಮಕಥೆ ‘ದಿ ಸ್ಟೋರಿ ಆಫ್ ಮೈ ಲೈಫ್’ ಮಗಳು ಆಲಿಸ್ ಸಂಪಾದಿಸಿ 1877ರಲ್ಲಿ ಹೊರಬಂತು. ಹತ್ತೊಂಬತ್ತನೆಯ ಶತಮಾನದ ಸುರಪುರದ ಬಗ್ಗೆ ಬರೆಯುವವರೆಲ್ಲ ಇದನ್ನೇ ನೆಚ್ಚುತ್ತಾರೆ. ಸಂಸ್ಥಾನದ ಕೆರೆ, ಕಲ್ಲು, ಕಾಗದಪತ್ರಗಳ ವಿಷಯದಲ್ಲಿ ನೆಚ್ಚಬಹುದು. ರಾಣಿ ಈಶ್ವರಮ್ಮನ ವಿಷಯದಲ್ಲಿ ಮಾತ್ರ ಇದು ಎದುರಾಳಿಯ ಹೇಳಿಕೆ ಎಂಬುದನ್ನು ಮರೆಯದೆ ಓದಬೇಕು.