ತಲೆಬುರುಡೆ ತೆರೆಯದ ಚಿಕಿತ್ಸೆ

ಡೊಂಬಿವಲಿಯ ನಮ್ಮ ನೆರೆಯವರೊಬ್ಬರು ಸಿಡಿಲೆರಗಿದಂಥ ತಲೆನೋವಿಗೆ ಬಾಮು ಹಚ್ಚಿ ಮಲಗಿದ್ದರು. ಮಗ ಹಟ ಹಿಡಿದು ಆಸ್ಪತ್ರೆಗೆ ಒಯ್ದುದರಿಂದ ಬದುಕಿದರು. ಸವೆದ ಸೈಕಲ್ ಟ್ಯೂಬಿನಂತೆ ಮೆದುಳಿನ ರಕ್ತನಾಳ ಉಬ್ಬಿ ಒಡೆದಿತ್ತು.

1937ರಲ್ಲಿ ಅಮೆರಿಕದ ವಾಲ್ಟರ್ ಡ್ಯಾಂಡಿಯವರು ಬುರುಡೆ ತೆರೆದು ಇಂಥ ಉಬ್ಬಿನ ಬುಡಕ್ಕೆ ಬೆಳ್ಳಿಯ ಕ್ಲಿಪ್ಪು ಹಾಕಿದರು. ಮಾಸ್ಕೋದ ಸೆರ್ಬಿನೆಂಕೊ ನಾಳದೊಳಗಿಂದಲೇ ಪುಟ್ಟ ಬಲೂನು ಕಳಿಸಿ, 1974ರಲ್ಲಿ ಆ ವಿಧಾನವನ್ನು ಜಗತ್ತಿಗೆ ತಿಳಿಸಿದರು. ಇಟಲಿಯ ಗುಲಿಯೆಲ್ಮಿ 1990ರಲ್ಲಿ ಲಾಸ್ ಏಂಜಲೀಸಿನಲ್ಲಿ ತೊಡೆಯ ನಾಳದಿಂದ ಪ್ಲಾಟಿನಂ ಸುರುಳಿ ತೂರಿಸಿ ಉಬ್ಬನ್ನು ತುಂಬಿದರು. 2002ರ ಅಂತರರಾಷ್ಟ್ರೀಯ ಅಧ್ಯಯನದಲ್ಲಿ, ಎರಡೂ ವಿಧಾನ ಹೊಂದುವ ರೋಗಿಗಳಲ್ಲಿ, ವರ್ಷದೊಳಗೆ ಸತ್ತವರು ಅಥವಾ ಪರಾವಲಂಬಿಗಳಾದವರು ಶಸ್ತ್ರಕ್ರಿಯೆಯಲ್ಲಿ ನೂರಕ್ಕೆ 30.6, ಸುರುಳಿಯಲ್ಲಿ 23.7.

ಪರೇಲಿನ ಕೆ.ಇ.ಎಂ. ಆಸ್ಪತ್ರೆಯಲ್ಲೂ ಇಂದು ಈ ಚಿಕಿತ್ಸೆಯುಂಟು. ಆದರೆ ಅದರ ಫಲ ಹೊತ್ತಿಗೆ ಬಂದವರಿಗೆ. ಬಂಧುಗಳೇ, ಹಠಾತ್ತನೆ ಎರಗಿದ ತಲೆನೋವಿಗೆ ಬಾಮು ಹುಡುಕುತ್ತ ಕೂರಬೇಡಿ.